ಗಮನ ತಪ್ಪಿದರೂ ಕೈ ಉಳಿಯಬೇಕು

ಪ್ರಶ್ನೆ: ನಾವು ಲಗ್ಗೆರೆಯಲ್ಲಿದ್ದೇವೆ. ನಮ್ಮ ಯಜಮಾನರು ಪೀಣ್ಯದಲ್ಲಿ ತಗಡು ಒತ್ತಿ ಭಾಗಗಳನ್ನು ಮಾಡುವ ಒಂದು ಪ್ರೆಸ್ ಶಾಪಿನಲ್ಲಿ ಹನ್ನೊಂದು ವರ್ಷದಿಂದ ಆಪರೇಟರ್. ಎರಡು ತಿಂಗಳ ಹಿಂದೆ ರಾತ್ರಿ ಓಟಿ ಮಾಡುವಾಗ ಪವರ್ ಪ್ರೆಸ್ಸಿಗೆ ಸಿಕ್ಕಿ ಬಲಗೈಯ ತೋರುಬೆರಳು, ನಡುಬೆರಳು ನಡುಗೆಣ್ಣಿನ ಹತ್ತಿರ ತುಂಡಾದವು. ಜೊತೆಯವರು ಬೆರಳುಗಳನ್ನು ಪಕ್ಕದ ಜ್ಯೂಸ್ ಅಂಗಡಿಯ ಐಸ್‌ನಲ್ಲಿ ಹಾಕಿಕೊಂಡು ಹೊರಟರು. ಎರಡು ಆಸ್ಪತ್ರೆ ಸುತ್ತಿ ಮೂರನೆಯದಕ್ಕೆ ಮುಟ್ಟುವಷ್ಟರಲ್ಲಿ ಐದು ಗಂಟೆ ಆಗಿತ್ತು. ಜೋಡಿಸಲು ಆಗುವುದಿಲ್ಲ ಎಂದುಬಿಟ್ಟರು. ಐಸ್‌ನಲ್ಲಿ ಹಾಕಿದ್ದೇ ತಪ್ಪಾಯಿತಾ? 'ಅವನೇ ಮೈಮರೆತು ಕೈ ಹಾಕಿದ' ಅಂತ ಮಾಲೀಕರು ಹೇಳುತ್ತಾರೆ. ಇವರೂ ಅದನ್ನೇ ನಂಬಿ ಕೊರಗುತ್ತಿದ್ದಾರೆ. ಈಗ ನನ್ನ ಮೈದುನ ಅದೇ ಮಷೀನಿಗೆ ಹೋಗುತ್ತಿದ್ದಾನೆ, ಅವನು ಮನೆಗೆ ಬರುವವರೆಗೂ ನನಗೆ ನಿದ್ದೆ ಬರುವುದಿಲ್ಲ. ಇವರಿಗೆ ಇಲ್ಲದ ಬೆರಳು ನೋಯುತ್ತದಂತೆ, ತುದಿಗೆ ಏನಾದರೂ ತಾಗಿದರೆ ಕಿರುಚಿಕೊಳ್ಳುತ್ತಾರೆ. ಆ ಕೈಯಲ್ಲಿ ಮತ್ತೆ ಕೆಲಸ ಮಾಡಲು ಆಗುತ್ತದೆಯೇ?

ಉತ್ತರ: ಅಮ್ಮ, ಐಸಿನ ಮಾತು ಮೊದಲು ಮುಗಿಸೋಣ. ಎರಡು ತಿಂಗಳಿಂದ ಅದು ನಿಮ್ಮನ್ನು ಕೊರೆಯುತ್ತಿದೆ ಎಂಬುದು ಪತ್ರ ಓದಿದರೇ ಗೊತ್ತಾಗುತ್ತದೆ. ತುಂಡಾದ ಬೆರಳನ್ನು ನೇರವಾಗಿ ಐಸಿಗೆ ತಾಗಿಸಬಾರದು, ನಿಜ. ಆದರೆ ನಿಮ್ಮ ಯಜಮಾನರ ಬೆರಳು ಕೂಡದೆ ಹೋಗಿದ್ದಕ್ಕೆ ಐಸೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಆ ಬೆರಳನ್ನು ನಾನು ಕಣ್ಣಾರೆ ಕಂಡಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪೀಣ್ಯ, ಕಾಮಾಕ್ಷಿಪಾಳ್ಯ, ಬೊಮ್ಮಸಂದ್ರದ ಕಡೆಯಿಂದ ಬಂದ ಕೈಗಳನ್ನು ಹೊಲಿದ ಅನುಭವದ ಮೇಲೆ ಹೇಳುತ್ತಿದ್ದೇನೆ: ಪ್ರೆಸ್ಸಿಗೆ ಸಿಕ್ಕ ಬೆರಳು ಮಚ್ಚಿಗೆ ಸಿಕ್ಕ ಬೆರಳಿನಂತಲ್ಲ. ಮಚ್ಚು ಕಡಿಯುತ್ತದೆ, ಪ್ರೆಸ್ ಜಜ್ಜುತ್ತದೆ.

ಬೆರಳಿನ ಎರಡು ಪಕ್ಕದಲ್ಲೂ ಒಂದೊಂದು ರಕ್ತನಾಳ ಇದೆ. ಅದರ ದಪ್ಪ ಒಂದು ಮಿಲಿಮೀಟರ್ ಆಸುಪಾಸು, ಶ್ಯಾವಿಗೆ ಎಳೆಯಷ್ಟು. ಕಡಿದ ಬೆರಳಾದರೆ ಮೂಳೆಯನ್ನು ಸಣ್ಣ ತಂತಿಯಿಂದ ನಿಲ್ಲಿಸಿ, ಬೆರಳನ್ನು ಮಡಚುವ ಬಿಚ್ಚುವ ಹಗ್ಗದಂಥ ರಜ್ಜುಗಳನ್ನು ಹೊಲಿದು, ಆಮೇಲೆ ಮೈಕ್ರೋಸ್ಕೋಪ್ ಎಳೆದುಕೊಂಡು ಈ ಎಳೆಯ ಎರಡು ತುದಿಗಳನ್ನು ಸೇರಿಸುತ್ತೇವೆ. ಹೊಲಿಯುವ ದಾರ ತಲೆಗೂದಲಿಗಿಂತ ತೆಳು, ಕೆಳಗೆ ಬಿದ್ದರೆ ಬರಿಗಣ್ಣಿಗೆ ಸಿಗುವುದಿಲ್ಲ. ಒಂದು ನಾಳಕ್ಕೆ ಆರೆಂಟು ಹೊಲಿಗೆ. ಕೊನೆಯ ಗಂಟು ಹಾಕಿ ಕ್ಲಿಪ್ ತೆಗೆದಾಗ, ಮೇಣದ ಹಾಗೆ ಬಿಳಿಚಿಕೊಂಡಿದ್ದ ಬೆರಳಿಗೆ ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ಕೆಂಪು ಏರುತ್ತದೆ, ಉಗುರಿನ ಕೆಳಗೆ ಬಣ್ಣ ಬರುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಆಪರೇಷನ್ ಥಿಯೇಟರಿನಲ್ಲಿ ಯಾರೂ ಮಾತಾಡದೆ ಆ ಒಂದು ಉಗುರನ್ನೇ ನೋಡುತ್ತಾ ನಿಂತಿರುತ್ತೇವೆ. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು, ತಮಾಯ್ ಎಂಬ ಇಬ್ಬರು ವೈದ್ಯರು ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನು ಹೀಗೆ ಜೋಡಿಸಿ ಬದುಕಿಸಿದ ಮೇಲೆ ಇದು ಲೋಕಕ್ಕೆಲ್ಲ ಹರಡಿತು.

ಜಜ್ಜಿದ ಬೆರಳಿನಲ್ಲಿ ಈ ಕೆಲಸ ಕೈಗೂಡುವುದು ಕಷ್ಟ. ನಾಳದ ಒಳಪದರವೇ ಅಲ್ಲಲ್ಲಿ ಹರಿದಿರುತ್ತದೆ. ಹೊಲಿಗೆ ಎಷ್ಟೇ ಚೆನ್ನಾಗಿ ಬಿದ್ದರೂ ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತದೆ. ಮೂರನೆಯ ಆಸ್ಪತ್ರೆಯವರು ಆಗುವುದಿಲ್ಲ ಎಂದದ್ದು ಬಹುಶಃ ಇದನ್ನು ಕಂಡೇ. ಐದು ಗಂಟೆ ತಡವಾಯಿತು ಎಂಬ ಕೊರಗೂ ಬೇಡ. ಬೆರಳಿನಲ್ಲಿ ಮಾಂಸಖಂಡವೇ ಇಲ್ಲ. ಬೆರಳನ್ನು ಬಲವಾಗಿ ಮಡಚುವ ಖಂಡಗಳು ಮೊಣಕೈ ಕೆಳಗಿನ ತೋಳಿನಲ್ಲಿವೆ, ಅಲ್ಲಿಂದ ಹಗ್ಗದ ಹಾಗೆ ರಜ್ಜು ಬಂದು ಬೆರಳನ್ನು ಎಳೆಯುತ್ತದೆ. ರಕ್ತ ಇಲ್ಲದೆ ಬೇಗ ಸಾಯುವುದು ಖಂಡ. ಅದಕ್ಕೇ ತೋಳು ತುಂಡಾದರೆ ಆರು ಗಂಟೆಯೊಳಗೆ ರಕ್ತ ಹರಿಯಬೇಕು ಎಂದು ಓಡುತ್ತೇವೆ. ಬೆರಳು ಹಾಗಲ್ಲ, ಸರಿಯಾಗಿ ತಂಪಾಗಿಟ್ಟರೆ ಇಪ್ಪತ್ನಾಲ್ಕು ಗಂಟೆಯವರೆಗೂ ಪ್ರಯತ್ನಿಸಬಹುದು. ಅಂದು ಓಡಿದವರು ಗಾಬರಿಯಲ್ಲೂ ಬೆರಳು ಹುಡುಕಿ ತಂದರಲ್ಲ, ಅದು ದೊಡ್ಡ ಕೆಲಸ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ಇದನ್ನು ಓದುವ ಬೇರೆಯವರಿಗೆ ಸರಿಯಾದ ಕ್ರಮ ಹೇಳಿಬಿಡುತ್ತೇನೆ. ನಮ್ಮಲ್ಲಿ ಮಲ್ಲಿಗೆ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುತ್ತಾರಲ್ಲ, ಬೆರಳಿಗೂ ಅಷ್ಟೇ ತೇವ ಸಾಕು. ಸಲೈನ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಕುಡಿಯುವ ನೀರಿನಲ್ಲಿ ಕೊಳೆ ಹೋಗುವಷ್ಟು ಮೇಲೆ ಮೇಲೆ ತೊಳೆಯಿರಿ. ಉಜ್ಜಬೇಡಿ. ಶುಭ್ರವಾದ ಬಟ್ಟೆ ಒದ್ದೆ ಮಾಡಿ, ಹಿಂಡಿ, ಬೆರಳನ್ನು ಅದರಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಗಟ್ಟಿಯಾಗಿ ಕಟ್ಟಿ. ಈ ಕವರನ್ನು ಐಸು ನೀರು ಎರಡೂ ಇರುವ ಇನ್ನೊಂದು ಕವರಿನಲ್ಲೋ ಡಬ್ಬಿಯಲ್ಲೋ ಇಡಿ. ಐಸು ನೇರವಾಗಿ ತಾಗಿದರೆ ಚರ್ಮ, ನಾಳ ಎಲ್ಲ ಹೆಪ್ಪುಗಟ್ಟಿ ಒಡೆಯುತ್ತವೆ. ನೀರಿನಲ್ಲೇ ಮುಳುಗಿಸಿಟ್ಟರೆ ನೆನೆದು ಉಬ್ಬುತ್ತದೆ. ಹಾಲಿನಲ್ಲಿ ಹಾಕಿ ತಂದವರನ್ನೂ ನೋಡಿದ್ದೇನೆ, ಅದೂ ಬೇಡ. ಬೆರಳು ಒಂದೆಳೆ ಚರ್ಮದಲ್ಲಿ ನೇತಾಡುತ್ತಿದ್ದರೆ ಕತ್ತರಿಸಿ ಬೇರೆ ಮಾಡಬೇಡಿ. ಆ ಎಳೆಯಲ್ಲಿ ಒಂದು ಸಿರೆ ಉಳಿದಿದ್ದರೂ ನಮ್ಮ ಅರ್ಧ ಕೆಲಸ ಆದಂತೆ. ಪೂರ್ತಿ ನಜ್ಜುಗುಜ್ಜಾಗಿ ಕಂಡರೂ ಸಿಕ್ಕಿದ್ದನ್ನೆಲ್ಲ ತನ್ನಿ, ಆ ಬೆರಳಿನ ಚರ್ಮವೋ ಮೂಳೆಯೋ ಪಕ್ಕದ ಬೆರಳಿಗೆ ಬರಬಹುದು.

ಗಾಯವಾದ ಕೈಗೆ ಮಾಡಬೇಕಾದದ್ದು ಎರಡೇ. ಶುಭ್ರ ಬಟ್ಟೆ ಇಟ್ಟು ಬಿಡದೆ ಒತ್ತಿ ಹಿಡಿಯುವುದು, ಕೈಯನ್ನು ಎದೆಗಿಂತ ಮೇಲೆ ಎತ್ತಿ ಇಡುವುದು. ಬೆರಳಿನ ರಕ್ತ ಹೆಚ್ಚುಕಡಿಮೆ ಯಾವಾಗಲೂ ಇದಕ್ಕೇ ನಿಲ್ಲುತ್ತದೆ. ತಂತಿ, ರಬ್ಬರ್, ಚಪ್ಪಲಿ ದಾರ ಬಿಗಿದು ಕಟ್ಟಿದ್ದರಿಂದಲೇ ಉಳಿದ ಬೆರಳು ಕಪ್ಪಗಾಗಿ ಬಂದ ಕೈಗಳಿವೆ. ಉಂಗುರ, ಕಡಗ, ವಾಚು, ದೇವರ ದಾರ ಇದ್ದರೆ ಬಾವು ಬರುವ ಮೊದಲೇ ತೆಗೆದುಬಿಡಿ. ಕಾಫಿಪುಡಿ, ಅರಿಶಿನ, ಸುಣ್ಣ ಯಾವುದೂ ಬೇಡ. ನಮ್ಮ ಮನೆಗಳಲ್ಲಿ ಕಾಫಿಪುಡಿ ಹಾಕಿದರೆ ರಕ್ತ ನಿಲ್ಲುತ್ತದೆ ಎಂಬ ನಂಬಿಕೆ ಗಟ್ಟಿ. ರಕ್ತ ನಿಲ್ಲುವುದು ಒತ್ತಿ ಹಿಡಿದಿದ್ದರಿಂದ. ಆ ಪುಡಿಯನ್ನು ಮೈಕ್ರೋಸ್ಕೋಪಿನಡಿ ಒಂದೊಂದೇ ಕಣ ಹೆಕ್ಕಿ ತೆಗೆಯುವುದರಲ್ಲಿ ಅರ್ಧ ಗಂಟೆ ಕಳೆಯುತ್ತದೆ. ಸಮಾಧಾನಕ್ಕೆಂದು ಟೀ, ಬಾಳೆಹಣ್ಣು ಕೊಡಬೇಡಿ, ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿ ಇರಬೇಕು.

ನಿಮ್ಮವರು ಎರಡು ಆಸ್ಪತ್ರೆ ಸುತ್ತಿದ್ದು ಈ ಊರಿನ ದಿನನಿತ್ಯದ ಕಥೆ. ಎಲ್ಲ ಆಸ್ಪತ್ರೆಯಲ್ಲೂ ಮೈಕ್ರೋಸರ್ಜರಿ ಮಾಡುವವರು ಇರುವುದಿಲ್ಲ, ಇದ್ದರೂ ಆ ಹೊತ್ತಿಗೆ ಇರುವುದಿಲ್ಲ. ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯ ದಾಟುವುದಕ್ಕೇ ಎಷ್ಟು ಹೊತ್ತು ಬೇಕು ಎಂದು ನಿಮಗೇ ಗೊತ್ತು. ಅದಕ್ಕೇ ಹೊರಡುವ ಮೊದಲು ಒಬ್ಬರು ಗಾಯ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಫೋನು ಮಾಡಿ ಒಂದೇ ಪ್ರಶ್ನೆ ಕೇಳಲಿ: 'ಬೆರಳು ಜೋಡಿಸುವ ಪ್ಲಾಸ್ಟಿಕ್ ಸರ್ಜನ್ ಅಥವಾ ಹ್ಯಾಂಡ್ ಸರ್ಜನ್ ಈಗ ಇದ್ದಾರಾ?' ಹೌದು ಎಂದ ಕಡೆ ಹೋಗಿ. 108ರವರಿಗೂ ಇದನ್ನೇ ಹೇಳಿ. ಪ್ರೆಸ್ ಇರುವ ಪ್ರತಿ ಶೆಡ್ಡಿನಲ್ಲೂ ಅಂಥ ಎರಡು ಆಸ್ಪತ್ರೆಯ ನಂಬರನ್ನು ಮೊದಲೇ ವಿಚಾರಿಸಿ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದಿಡಬೇಕು.

ಇನ್ನು 'ಮೈಮರೆತು ಕೈ ಹಾಕಿದ' ಎಂಬ ಮಾತು. ನನ್ನ ಮುಂದೆ ಕೂತು ಅಳುವ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಈ ಮಾತು ಹೇಳಿಕೊಂಡೇ ಅಳುತ್ತಾರೆ. 'ನನ್ನದೇ ತಪ್ಪು ಡಾಕ್ಟ್ರೇ.' ಇದನ್ನು ನಾನು ಒಪ್ಪುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದೇ ಶೆಡ್ಡಿನಿಂದ ಒಂದೇ ವರ್ಷದಲ್ಲಿ ಮೂವರು ಬಂದಾಗ ನಾನೇ ಅಲ್ಲಿಗೆ ಹೋದೆ. ಟ್ಯೂಬ್‌ಲೈಟಿನ ಕೆಳಗೆ ಮೂವತ್ತು ಟನ್ ಬಲದಲ್ಲಿ ಒತ್ತುವ ಒಂದು ಪ್ರೆಸ್. ಸ್ಟೂಲಿನ ಮೇಲೆ ಕೂತ ಹುಡುಗ ಎಡಗೈಯಲ್ಲಿ ತಗಡಿನ ತುಂಡನ್ನು ಡೈ, ಅಂದರೆ ಕೆಳಗಿನ ಅಚ್ಚಿನ ಮೇಲೆ ಇಡುತ್ತಾನೆ, ಬಲಗಾಲಿನಲ್ಲಿ ಪೆಡಲ್ ಒತ್ತುತ್ತಾನೆ, ಮೇಲಿನ ಅಚ್ಚು, ಅಂದರೆ ಪಂಚ್, ಧಡ್ ಎಂದು ಇಳಿದು ಏರುತ್ತದೆ, ಬಲಗೈಯಲ್ಲಿ ಕಾಂಪೊನೆಂಟ್ ತೆಗೆದು ಟ್ರೇಗೆ ಎಸೆಯುತ್ತಾನೆ. ಅಷ್ಟರಲ್ಲಿ ಎಡಗೈ ಇನ್ನೊಂದು ತುಂಡು ಹಿಡಿದು ಬಂದಿರುತ್ತದೆ. ವಾಚು ಹಿಡಿದು ಎಣಿಸಿದೆ. ನಿಮಿಷಕ್ಕೆ ಇಪ್ಪತ್ತು. ಗಂಟೆಗೆ 1,200. ಎಂಟು ಗಂಟೆಯ ಶಿಫ್ಟಿಗೆ 9,600. ಓಟಿ ಸೇರಿದರೆ ಹತ್ತು ಸಾವಿರ ದಾಟುತ್ತದೆ. ದಿನಕ್ಕೆ ಹತ್ತು ಸಾವಿರ ಸಲ ಮೂವತ್ತು ಟನ್ನಿನ ಕೆಳಗೆ ಬೆರಳು ಹೋಗಿ ಬರಬೇಕು, ಒಂದು ಸಲವೂ ಕಾಲು ಕೈಗಿಂತ ಮುಂಚೆ ಹೋಗಬಾರದು. ನಾನು ದಿನಕ್ಕೆ ನಾಲ್ಕು ಆಪರೇಷನ್ ಮಾಡುವವನು, ನನಗೇ ಪ್ರತಿ ಸಲ ಉಪಕರಣಗಳನ್ನು ನರ್ಸ್ ಎಣಿಸಿ ಹೇಳುತ್ತಾರೆ. ಯಾಕೆಂದರೆ ಮನುಷ್ಯ ಮರೆಯುತ್ತಾನೆ ಎಂದು ಆಸ್ಪತ್ರೆ ಒಪ್ಪಿಕೊಂಡಿದೆ. ಪ್ರೆಸ್ ಶಾಪಿನಲ್ಲಿ ಕೂತವನು ಮಾತ್ರ ಮರೆಯಬಾರದು ಎಂದರೆ ಹೇಗೆ? ನಿದ್ದೆಗಟ್ಟಿದ ರಾತ್ರಿ, ಮನೆಯಲ್ಲಿ ಮಗುವಿಗೆ ಜ್ವರ, ಪಕ್ಕದವನು ಹೆಸರು ಹಿಡಿದು ಕೂಗಿದ, ಗಮನ ತಪ್ಪಲು ಅಷ್ಟೇ ಸಾಕು. ಗಮನ ತಪ್ಪಿದಾಗಲೂ ಕೈ ಉಳಿಯುವ ಹಾಗೆ ಮಷೀನು ಇರಬೇಕು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಹೇಳಿದ್ದೂ ಇದನ್ನೇ: ಯಂತ್ರದ ಅಪಾಯದ ಭಾಗಕ್ಕೆ ಗಟ್ಟಿಯಾದ ಕಾವಲು ಇರಬೇಕು, ಯಂತ್ರ ಓಡುವಷ್ಟು ಹೊತ್ತೂ ಆ ಕಾವಲು ಅದರ ಜಾಗದಲ್ಲೇ ಇರಬೇಕು. ಆಪರೇಟರ್ ಎಚ್ಚರವಾಗಿದ್ದರೆ ಸಾಕು ಎಂದು ಅಲ್ಲಿ ಬರೆದಿರಲಿಲ್ಲ.

ನಿಮ್ಮ ಯಜಮಾನರು ಮೈಮರೆತಿರಲೇ ಇಲ್ಲ ಎನ್ನುವುದಕ್ಕೂ ದಾರಿ ಇದೆ. ಅವರನ್ನು ಒಮ್ಮೆ ಕೇಳಿ, 'ಪೆಡಲ್ ಒತ್ತಿದ ನೆನಪಿದೆಯಾ, ಅಥವಾ ಮಷೀನು ತಾನೇ ಡಬಲ್ ಹೊಡೆಯಿತಾ?' ಸಣ್ಣ ಶೆಡ್ಡುಗಳ ಹಳೇ ಪ್ರೆಸ್ಸುಗಳಲ್ಲಿ ಹೆಚ್ಚಿನವು ಕೀ ಕ್ಲಚ್ಚಿನವು. ಫ್ಲೈವೀಲ್ ಎಂಬ ಭಾರದ ಚಕ್ರ ಸದಾ ತಿರುಗುತ್ತಿರುತ್ತದೆ. ಪೆಡಲ್ ಒತ್ತಿದರೆ ಕೀ ಎಂಬ ಲೋಹದ ತುಂಡು ಬಂದು ಫ್ಲೈವೀಲನ್ನೂ ಶಾಫ್ಟನ್ನೂ ಒಂದಾಗಿಸುತ್ತದೆ, ಪಂಚ್ ಇಳಿದು ಏರಿ ಒಂದು ಸುತ್ತು ಮುಗಿದ ಮೇಲೆ ಕೀ ಹಿಂದೆ ಸರಿಯಬೇಕು. ಆ ಕೀಯ ಅಂಚು ಸವೆದು ದುಂಡಗಾದರೆ, ಸ್ಪ್ರಿಂಗ್ ಸೋತರೆ, ಅದು ಸರಿಯುವುದಿಲ್ಲ. ಕಾಲು ಪೆಡಲ್ ಮೇಲೆ ಇಲ್ಲದಿದ್ದರೂ ಪಂಚ್ ಇನ್ನೊಮ್ಮೆ ಬೀಳುತ್ತದೆ. ಅಷ್ಟರಲ್ಲಿ ಬಲಗೈ ಕಾಂಪೊನೆಂಟ್ ತೆಗೆಯಲು ಒಳಗೆ ಹೋಗಿರುತ್ತದೆ. ಇದನ್ನು ಅಜಾಗರೂಕತೆ ಎಂದು ಕರೆಯುವುದು ಅನ್ಯಾಯ.

ನಿಮ್ಮ ಮೈದುನನ ವಿಷಯಕ್ಕೆ ಬರುತ್ತೇನೆ. 'ಹುಷಾರಾಗಿ ಕೆಲಸ ಮಾಡಪ್ಪ' ಎಂದು ಹೇಳಿ ಕಳಿಸುತ್ತೀರಿ, ಸಹಜ. ಅದರ ಜೊತೆಗೆ ಅವನು ಮಷೀನಿನ ಮುಂದೆ ಕೂರುವ ಮೊದಲು ಏನು ನೋಡಬೇಕು ಎಂದು ಹೇಳಿ ಕಳಿಸಿ. ಡೈ ಮುಂದೆ ಗಾರ್ಡ್ ಇದೆಯಾ ಎಂಬುದು ಮೊದಲನೆಯದು. ಗಾರ್ಡ್ ಎಂದರೆ ತಗಡಿನ ತುಂಡು ಜಾರಿಸಲು ಒಂದು ಸಂದು ಬಿಟ್ಟು, ಆ ಸಂದಿನಲ್ಲಿ ಬೆರಳು ತೂರದ ಹಾಗೆ ಸುತ್ತ ಕಟ್ಟಿದ ಕಬ್ಬಿಣದ ಪಟ್ಟಿ ಅಥವಾ ಜಾಲರಿ. ಲೋಕಲ್ ಫ್ಯಾಬ್ರಿಕೇಷನ್ ಅಂಗಡಿಯಲ್ಲೇ ಮಾಡಿಸಬಹುದಾದ ವಸ್ತು. ಕೆಲವು ಡೈಗೆ ಗಾರ್ಡ್ ಕೂರುವುದಿಲ್ಲ ಎಂದರೆ ತುಂಡು ಇಡಲು ತೆಗೆಯಲು ಚಿಮಟವೋ ಮ್ಯಾಗ್ನೆಟ್ ಕಡ್ಡಿಯೋ ಬೇಕು, ಬೆರಳು ಪಂಚಿನ ಕೆಳಗೆ ಹೋಗಲೇಬಾರದು. ಚಿಮಟ ಡೈಗೆ ಸಿಕ್ಕರೆ ಡೈ ಹಾಳಾಗುತ್ತದೆ ಎಂದು ಅದನ್ನು ಕೂರಿಸುವ ಸೆಟ್ಟರ್‌ಗಳು ಬೈಯುತ್ತಾರೆ. ಅಲ್ಯೂಮಿನಿಯಂ ಚಿಮಟ ಬಳಸಿದರೆ ಆ ಭಯ ಕಡಿಮೆ. ಎರಡು ಕೈಯಲ್ಲೂ ಒಂದೊಂದು ಬಟನ್ ಒತ್ತಿದರೆ ಮಾತ್ರ ಪಂಚ್ ಇಳಿಯುವ ವ್ಯವಸ್ಥೆ ಪೆಡಲಿಗಿಂತ ಎಷ್ಟೋ ಪಾಲು ಮೇಲು. ಆದರೆ ಆ ಬಟನ್‌ಗಳು ಡೈಯಿಂದ ಸಾಕಷ್ಟು ದೂರ ಇರಬೇಕು, ಒಂದು ಬಟನ್ನಿಗೆ ಟೇಪ್ ಸುತ್ತಿಟ್ಟು ಒಂದೇ ಕೈಯಲ್ಲಿ ಓಡಿಸಬಾರದು. ಪೆಡಲೇ ಇದ್ದರೆ ಅದರ ಮೇಲೆ ಮುಚ್ಚಳ ಇರಲಿ, ಮೇಲಿಂದ ಬಿದ್ದ ಒಂದು ಕಾಂಪೊನೆಂಟೇ ಪೆಡಲ್ ಒತ್ತಿಬಿಡಬಹುದು.

ಈ ನಡುವೆ ಹಳೇ ಪ್ರೆಸ್ಸಿಗೆ ಸೆನ್ಸರ್ ಹಾಕಿಸಿದ್ದೇವೆ, ಕೈ ಅಡ್ಡ ಬಂದರೆ ತಾನೇ ನಿಲ್ಲುತ್ತದೆ ಎಂದು ಕೆಲವು ಮಾಲೀಕರು ಹೇಳುತ್ತಾರೆ. ಅವರ ಕಾಳಜಿ ದೊಡ್ಡದು, ಆದರೆ ಕೀ ಕ್ಲಚ್ಚಿನ ಪ್ರೆಸ್ ಒಮ್ಮೆ ಇಳಿಯಲು ಶುರುವಾದರೆ ನಡುವೆ ನಿಲ್ಲುವುದಿಲ್ಲ. ಅದರ ರಚನೆಯೇ ಹಾಗೆ, ಸುತ್ತು ಮುಗಿಸಿಯೇ ನಿಲ್ಲಬೇಕು. ಬೆಳಕಿನ ಪರದೆಯ ಸೆನ್ಸರ್ ಕೆಲಸ ಮಾಡುವುದು ನಡುವೆಯೇ ಬ್ರೇಕ್ ಹಾಕಬಲ್ಲ, ಗಾಳಿಯ ಒತ್ತಡದಿಂದ ನಡೆಯುವ ನ್ಯೂಮ್ಯಾಟಿಕ್ ಕ್ಲಚ್ಚಿನ ಪ್ರೆಸ್ಸಿನಲ್ಲಿ. ಕೀ ಕ್ಲಚ್ಚಿಗೆ ಅದನ್ನು ಹಾಕಿ ಗಾರ್ಡ್ ಬಿಚ್ಚಿದರೆ ಮೊದಲಿಗಿಂತ ಅಪಾಯ ಹೆಚ್ಚುತ್ತದೆ, ಹುಡುಗರು ಸೆನ್ಸರ್ ನಂಬಿ ಕೈ ಹಾಕುತ್ತಾರೆ. ಮಾಲೀಕರಾಗಿದ್ದು ಇದನ್ನು ಓದುತ್ತಿರುವವರು ದಯವಿಟ್ಟು ನಾಳೆಯೇ ನಿಮ್ಮ ಪ್ರೆಸ್ ಯಾವ ಕ್ಲಚ್ಚಿನದು ನೋಡಿ.

ಡೈ ಬದಲಿಸುವ ಹೊತ್ತು ಇನ್ನೂ ಕೆಟ್ಟದ್ದು. ಸ್ವಿಚ್ ಆಫ್ ಮಾಡಿದ ತಕ್ಷಣ ಕೈ ಹಾಕುತ್ತಾರೆ, ಫ್ಲೈವೀಲ್ ಇನ್ನೂ ತಿರುಗುತ್ತಿರುತ್ತದೆ. ಅದು ಪೂರ್ತಿ ನಿಂತ ಮೇಲೆ, ಪಂಚ್ ಕೆಳಗೆ ಒಂದು ಗಟ್ಟಿ ದಿಮ್ಮಿ ಒತ್ತು ಕೊಟ್ಟು, ಆಮೇಲೆ ಕೈ.

ಕರೆಂಟ್ ಹೋದಾಗಲೂ ಹೀಗೇ ಆಗುತ್ತದೆ, ಮನೆಯಲ್ಲೂ ಆಗುತ್ತದೆ. ಗ್ರೈಂಡರಿನಲ್ಲಿ ಹಿಟ್ಟು ರುಬ್ಬುವಾಗ ಕರೆಂಟ್ ಹೋಯಿತು ಎಂದು ಹಿಟ್ಟು ತಳ್ಳಲು ಕೈ ಹಾಕುತ್ತೇವೆ, ಸ್ವಿಚ್ ಆನ್‌ನಲ್ಲೇ ಇರುತ್ತದೆ, ಕರೆಂಟ್ ಬರುತ್ತದೆ. ಕಾರ್ಖಾನೆಯ ಮೋಟರಿಗೆ ಸ್ಟಾರ್ಟರ್ ಹಾಕಲು ಇದೂ ಒಂದು ಕಾರಣ. ಕರೆಂಟ್ ಹೋದರೆ ಅದು ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಬಟನ್ ಒತ್ತುವವರೆಗೂ ಮೋಟರ್ ಶುರುವಾಗುವುದಿಲ್ಲ. ಆ ಸ್ಟಾರ್ಟರ್ ಕೆಟ್ಟಾಗ ನೇರ ವೈರ್ ಕೊಟ್ಟು ಓಡಿಸುವ ಶೆಡ್ಡುಗಳಿವೆ. ಸಾಮಾನ್ಯ ಮೋಟರ್ ನಿಮಿಷಕ್ಕೆ 1,440 ಸುತ್ತು, ಅಂದರೆ ಸೆಕೆಂಡಿಗೆ 24. ಮೈ ಬೆಚ್ಚಿ ಕೈ ಹಿಂದೆ ಎಳೆಯಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು, ಅಷ್ಟರಲ್ಲಿ ಪುಲ್ಲಿ ಸುಮಾರು ಐದು ಸುತ್ತು ಹೊಡೆದಿರುತ್ತದೆ. ಬೆಲ್ಟಿಗೆ ಬೆರಳು ಸಿಕ್ಕವರು 'ಯಾವಾಗ ಆಯ್ತೋ ಗೊತ್ತೇ ಆಗ್ಲಿಲ್ಲ' ಎನ್ನುವುದು ಇದಕ್ಕೇ. ಕಬ್ಬಿನ ಹಾಲಿನ ಗಾಡಿಯಲ್ಲಿ ಕೈ ಕಳೆದುಕೊಂಡವರೂ ಇದೇ ಮಾತು ಹೇಳುತ್ತಾರೆ.

ಗ್ಲೌಸ್ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ, ಏಕೆಂದರೆ ಒಳ್ಳೆಯದಕ್ಕೆಂದು ಹಾಕಿಕೊಂಡ ಗ್ಲೌಸಿನಿಂದಲೇ ಕೈ ಕಳೆದುಕೊಳ್ಳುವವರಿದ್ದಾರೆ. ತಗಡು ಎತ್ತುವಾಗ, ಸ್ಕ್ರ್ಯಾಪ್ ತುಂಬುವಾಗ ಗ್ಲೌಸ್ ಬೇಕೇ ಬೇಕು. ಡ್ರಿಲ್ಲಿಂಗ್ ಮಷೀನು, ಲೇತು, ತಿರುಗುವ ಶಾಫ್ಟ್ ಹತ್ತಿರ ಬಟ್ಟೆಯ ಗ್ಲೌಸ್ ಹಾಕಲೇಬಾರದು. ಒಂದೆಳೆ ನೂಲು ಡ್ರಿಲ್ಲಿಗೆ ಸುತ್ತಿಕೊಂಡರೆ ಸಾಕು, ಗ್ಲೌಸ್ ಜೊತೆ ಕೈಯನ್ನೂ ಎಳೆದುಕೊಂಡು ಬೆರಳಿನ ಚರ್ಮವನ್ನೇ ಸುಲಿದು ತೆಗೆಯುತ್ತದೆ. ಉದ್ದ ತೋಳಿನ ಶರ್ಟು, ಉಂಗುರ, ಕೈಗೆ ಕಟ್ಟಿದ ದಾರಕ್ಕೂ ಇದೇ ಮಾತು. ಉಂಗುರವಂತೂ ಮಷೀನೇ ಬೇಕೆಂದಿಲ್ಲ. ಲಾರಿಯಿಂದ ಧುಮುಕುವಾಗ ಕೊಕ್ಕೆಗೆ ಸಿಕ್ಕಿಕೊಂಡರೆ ಬೆರಳು ಅಲ್ಲೇ ಉಳಿಯುತ್ತದೆ. ಆಂಗಲ್ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುವ ವಸ್ತು. ಅದರ ಗಾರ್ಡ್ ಬಿಚ್ಚಿ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಮಾಲೀಕರು 'ಅವನದೇ ತಪ್ಪು' ಎನ್ನುತ್ತಿದ್ದಾರೆಂದು ಪರಿಹಾರದ ಆಸೆ ಬಿಡಬೇಡಿ. ಸಾಮಾನ್ಯ ಅಜಾಗರೂಕತೆ ಪರಿಹಾರ ತಪ್ಪಿಸುವ ಕಾರಣವಲ್ಲ. ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ ಇದ್ದರೆ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಶೇ. 90ರಷ್ಟು ಬರುತ್ತದೆ, ಶಾಶ್ವತ ನಷ್ಟಕ್ಕೆ ಮೆಡಿಕಲ್ ಬೋರ್ಡ್ ಕೈ ನೋಡಿ ಅಳೆದ ಮೇಲೆ ತಿಂಗಳು ತಿಂಗಳು ಹಣ ಬರುತ್ತದೆ. ಅಪಘಾತದ ವರದಿ ಮಾಲೀಕರಿಂದ ಹೋಗಿದೆಯೇ ಎಂದು ಈ ವಾರವೇ ವಿಚಾರಿಸಿ. ಕಾರ್ಡ್ ಮಾಡಿಸಿಲ್ಲ ಎಂದರೆ ಅದು ಅವರ ಲೋಪ, ನಿಮ್ಮದಲ್ಲ, ಇಎಸ್‌ಐ ಕಚೇರಿಗೆ ನೀವೇ ಹೋಗಿ ಬರೆದುಕೊಡಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಒಂದು ಕೈಯ ಎರಡು ಬೆರಳು ಹೋದರೆ ಗಳಿಸುವ ಶಕ್ತಿಯಲ್ಲಿ ಶೇ. 20 ನಷ್ಟ ಎಂದಿತ್ತು, ಹೆಬ್ಬೆರಳು ಒಂದೇ ಹೋದರೆ ಶೇ. 30. ನಿಮ್ಮವರದು ಅರ್ಧ ಬೆರಳು ಉಳಿದಿರುವುದರಿಂದ ಲೆಕ್ಕ ಬೇರೆಯಾದೀತು, ಅದನ್ನು ಬೋರ್ಡ್ ಹೇಳುತ್ತದೆ. ಮೂರೂ ಆಸ್ಪತ್ರೆಯ ಚೀಟಿಗಳನ್ನು ಜೋಪಾನವಾಗಿಡಿ.

ಆ ಪಟ್ಟಿಯಲ್ಲಿ ಹೆಬ್ಬೆರಳಿಗೆ ಯಾಕಷ್ಟು ಬೆಲೆ ಎಂಬುದೇ ನಿಮ್ಮ ಕೊನೆಯ ಪ್ರಶ್ನೆಗೆ ಅರ್ಧ ಉತ್ತರ. ಹಿಡಿಯುವ ಕೆಲಸದಲ್ಲಿ ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕು ಇನ್ನೊಂದು ಕಡೆ. ನಿಮ್ಮ ಯಜಮಾನರಿಗೆ ಹೆಬ್ಬೆರಳು ಇದೆ, ಗಟ್ಟಿ ಹಿಡಿತ ಕೊಡುವ ಉಂಗುರದ ಬೆರಳು ಕಿರುಬೆರಳು ಇವೆ, ಹೋದ ಎರಡರಲ್ಲೂ ಬುಡದ ಗೆಣ್ಣು ಉಳಿದಿದೆ. ಬಕೆಟ್, ಸುತ್ತಿಗೆ, ಬೈಕಿನ ಹ್ಯಾಂಡಲ್ ಹಿಡಿಯಲು ಇಷ್ಟು ಸಾಕು. ಸ್ಕ್ರೂ ಎತ್ತುವುದು, ಗುಂಡಿ ಹಾಕುವುದು, ಸಹಿ ಮಾಡುವುದನ್ನು ಹೆಬ್ಬೆರಳು ಉಂಗುರದ ಬೆರಳಿನ ಜೊತೆ ಹೊಸದಾಗಿ ಕಲಿಯಬೇಕು. ಕೆಲವು ತಿಂಗಳು ಹಿಡಿಯುತ್ತದೆ, ಆದರೆ ಬರುತ್ತದೆ. ಪ್ರೆಸ್ಸಿಗೇ ವಾಪಸ್ ಹೋಗಬೇಕೋ, ಇನ್‌ಸ್ಪೆಕ್ಷನ್, ಪ್ಯಾಕಿಂಗ್, ಟೂಲ್ ರೂಮ್ ಕಡೆ ಕೇಳಬೇಕೋ ಅವರೇ ನಿರ್ಧರಿಸಲಿ. ಆ ಶಬ್ದ ಕೇಳಿದರೆ ಕೈ ನಡುಗುತ್ತದೆ ಎಂದರೆ ಒತ್ತಾಯ ಬೇಡ, ರಾತ್ರಿ ಬೆಚ್ಚಿ ಏಳುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ.

ಇಲ್ಲದ ಬೆರಳು ನೋಯುವುದು ಭ್ರಮೆಯಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ನಮ್ಮ ಆಡುಮಾತಿನಲ್ಲಿ ರಕ್ತನಾಳಕ್ಕೂ ನರ ಅನ್ನುತ್ತೇವೆ, ರಜ್ಜುವಿಗೂ ನರ ಅನ್ನುತ್ತೇವೆ. ಗಾಜು ಕುಯ್ದು 'ನರ ಕಟ್ಟಾಗಿದೆ' ಎಂದು ಬಂದವರಲ್ಲಿ ಮೂರರಲ್ಲಿ ಯಾವುದು ಎಂದು ಹುಡುಕುವುದೇ ನಮ್ಮ ಮೊದಲ ಕೆಲಸ. ಗಾಯ ಎಷ್ಟೇ ಚಿಕ್ಕದಿರಲಿ, ಬೆರಳು ಮಡಚಲು ಬರದಿದ್ದರೆ ಅಥವಾ ಒಂದು ಪಕ್ಕ ಮರಗಟ್ಟಿದ್ದರೆ ಬರೀ ಚರ್ಮ ಹೊಲಿಸಿಕೊಂಡು ಮನೆಗೆ ಹೋಗಬಾರದು. ಇಲ್ಲಿ ನಾನು ಹೇಳುತ್ತಿರುವುದು ಸ್ಪರ್ಶ ತಿಳಿಸುವ ನರ. ಕತ್ತರಿಸಿದ ಮೇಲೂ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯಲು ನೋಡುತ್ತದೆ. ಮುಂದೆ ಬೆರಳು ಇಲ್ಲ, ಹೋಗಲು ದಾರಿಯಿಲ್ಲ. ತುದಿಯಲ್ಲೇ ಸುತ್ತಿಕೊಂಡು ಸಣ್ಣ ಗಂಟಾಗುತ್ತದೆ. ಆ ಗಂಟಿಗೆ ಶರ್ಟಿನ ತೋಳು ಸವರಿದರೂ ಶಾಕ್ ಹೊಡೆದ ಹಾಗೆ. ಇನ್ನೊಂದು ಕಡೆ, ಮಿದುಳಿನಲ್ಲಿ ಆ ಎರಡು ಬೆರಳಿನ ಜಾಗ ಹಾಗೇ ಉಳಿದಿದೆ, ಅಲ್ಲಿಂದ ಬರುವುದು ಇಲ್ಲದ ಬೆರಳಿನ ನೋವು. ಇದಕ್ಕೆ ಮಾತ್ರೆಗಳಿವೆ, ಡಾಕ್ಟರನ್ನು ಕೇಳಿ. ಡಿಸೆಂಬರಿನ ಚಳಿಗೆ ತುದಿಗಳು ಇನ್ನಷ್ಟು ಸೆಳೆಯುತ್ತವೆ, ಒಂದೆರಡು ವರ್ಷ ಹಾಗಿರಬಹುದು, ಉಣ್ಣೆಯ ಗ್ಲೌಸ್ ಹಾಕಿಸಿ. ಬೀಡಿ ಸಿಗರೇಟು ಇದ್ದರೆ ನಿಲ್ಲಿಸಲಿ, ಹೊಗೆಗೆ ಆ ಸಣ್ಣ ನಾಳಗಳು ಮುದುಡುತ್ತವೆ.

ಮನೆಯಲ್ಲೇ ಮಾಡುವ ಎರಡು ಅಭ್ಯಾಸ ಹೇಳುತ್ತೇನೆ, ಗಾಯ ಪೂರ್ತಿ ಒಣಗಿದ್ದರೆ ಮಾತ್ರ. ಒಂದು ಕನ್ನಡಿ. ಮೇಜಿನ ಮೇಲೆ ಎರಡು ಕೈಗಳ ನಡುವೆ ಗೋಡೆಯ ಹಾಗೆ ಕನ್ನಡಿ ನಿಲ್ಲಿಸಿ, ಅದರ ಮುಖ ಎಡಗೈ ಕಡೆ ಇರಲಿ. ಬಲಗೈ ಕನ್ನಡಿಯ ಹಿಂದೆ, ಎಡಗೈ ಮುಂದೆ. ಕನ್ನಡಿಯಲ್ಲಿ ಕಾಣುವುದು ಎಡಗೈಯೇ ಆದರೂ ಕಣ್ಣಿಗೆ ಅದು ಐದೂ ಬೆರಳಿರುವ ಬಲಗೈ. ಅದನ್ನೇ ನೋಡುತ್ತಾ ಎಡಗೈಯ ಬೆರಳು ಮೆಲ್ಲಗೆ ಮಡಚಿ ಬಿಚ್ಚಲಿ, ಬಲಗೈಯೂ ಹಾಗೇ ಮಾಡುತ್ತಿದೆ ಎಂದುಕೊಳ್ಳಲಿ. ಹತ್ತು ನಿಮಿಷ, ದಿನಕ್ಕೆರಡು ಸಲ. 1990ರ ದಶಕದಲ್ಲಿ ವಿ. ಎಸ್. ರಾಮಚಂದ್ರನ್ ಎಂಬ ತಮಿಳುನಾಡು ಮೂಲದ ನರವಿಜ್ಞಾನಿ ತೋರಿಸಿಕೊಟ್ಟ ದಾರಿ ಇದು. ಎಲ್ಲರಿಗೂ ಒಂದೇ ಸಮ ಫಲ ಕೊಡುವುದಿಲ್ಲ, ಆದರೆ ಖರ್ಚಿಲ್ಲ, ತೊಂದರೆಯೂ ಅಪರೂಪ. ತಲೆ ಸುತ್ತಿದರೆ, ನೋವು ಹೆಚ್ಚಿದರೆ ನಿಲ್ಲಿಸಿ.

ಎರಡನೆಯದು ಸ್ಪರ್ಶ ಒಗ್ಗಿಸುವುದು. ಮೊದಲ ವಾರ ತುದಿಯನ್ನು ಹತ್ತಿಯಿಂದ ಸವರಿ, ಆಮೇಲೆ ಹಳೇ ಸೀರೆಯ ತುಂಡು, ಆಮೇಲೆ ಟರ್ಕಿ ಟವೆಲ್. ಅದಾದ ಮೇಲೆ ಒಂದು ಅಗಲ ಪಾತ್ರೆಯಲ್ಲಿ ರಾಗಿ ಸುರಿದು ಅದರೊಳಗೆ ಕೈ ಮುಳುಗಿಸಿ ಐದೈದು ನಿಮಿಷ ಆಡಿಸಲಿ. ರಾಗಿ ನುಣುಪು, ತಡೆದುಕೊಳ್ಳಬಹುದು. ಅದು ಒಗ್ಗಿದ ಮೇಲೆ ಅಕ್ಕಿ, ಆಮೇಲೆ ಹೆಸರುಕಾಳು, ಕೊನೆಗೆ ಕಡ್ಲೆಕಾಳು. ಮೊದಲೆರಡು ದಿನ ಹಲ್ಲು ಕಚ್ಚಿಕೊಳ್ಳುತ್ತಾರೆ, ನೀವು ಪಕ್ಕದಲ್ಲಿ ಕೂತಿರಿ. ಕಡ್ಲೆಕಾಳಿನವರೆಗೆ ಬರಲು ಒಂದೂವರೆ ತಿಂಗಳು ಹಿಡಿಯಬಹುದು. ಅಷ್ಟಾದರೂ ಒಂದೇ ಚುಕ್ಕೆಯಲ್ಲಿ ಶಾಕ್ ಹೊಡೆಯುತ್ತಿದ್ದರೆ ಆ ಗಂಟನ್ನು ಸಣ್ಣ ಆಪರೇಷನ್ನಿನಲ್ಲಿ ತೆಗೆದು ನರದ ತುದಿಯನ್ನು ಏಟು ಬೀಳದ ಜಾಗದಲ್ಲಿ ಹುದುಗಿಸಬಹುದು. ಆಗ ನನಗೆ ಇನ್ನೊಮ್ಮೆ ಬರೆಯಿರಿ. ಮೈದುನನ ಮಷೀನಿಗೆ ಗಾರ್ಡ್ ಬಂತಾ ಎಂಬುದನ್ನೂ ಅದರಲ್ಲಿ ತಿಳಿಸಿ.